ಮೇಲ್ ಹೋಗುತ್ತಿದ್ದದ್ದು ಹಳೇ ಮನೆಗೇ

ಹೋದ ವರ್ಷ ಗಿರಾಕಿಗಳ 17–18 ಡೊಮೇನ್‌ಗಳನ್ನು (ಸೈಟ್, ಮೇಲ್ ಎರಡಕ್ಕೂ ಇರುವ ಹೆಸರು) ಹಳೇ ಹೋಸ್ಟ್‌ನಿಂದ, ಅಂದರೆ ಸರ್ವರ್ ಬಾಡಿಗೆಗೆ ಕೊಡುವ ಕಂಪನಿಯಿಂದ, ಎತ್ತಿ ಹೊಸದಕ್ಕೆ ಹಾಕಿದೆ. ಕಾರಣ ದುಡ್ಡು. ಮೊದಲ ವರ್ಷ ಮೂರು ಸಾವಿರ ಚಿಲ್ಲರೆ ಇದ್ದ ಪ್ಲಾನು, ರಿನ್ಯೂವಲ್‌ಗೆ ಒಂಬತ್ತು ಸಾವಿರದ ಹತ್ತಿರ ಬಂದಿತ್ತು. "ಸೈಟ್ ಸಾಗಿಸು, ಮೇಲ್ ತಂಟೆಗೆ ಹೋಗಬೇಡ. ದೊಡ್ಡ ಕಂಪನಿಗೆ ತಿಂಗಳ ದುಡ್ಡು ಕಟ್ಟಿಸಿಬಿಡು" ಅಂದರು ಪಿ.ಜೆ. ಬಡಾವಣೆಯ ಗೆಳೆಯರು. ನನ್ನ ಗಿರಾಕಿಗಳು ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಗಳು, ಆಡಿಟರ್‌ಗಳು, ಒಂದೆರಡು ಬಟ್ಟೆ ಅಂಗಡಿಯವರು. ಎಂಟು ಮೇಲ್‌ಬಾಕ್ಸ್‌ಗೆ ತಿಂಗಳು ತಿಂಗಳು ಕಟ್ಟಿ ಅಂದರೆ, ಬೆಣ್ಣೆದೋಸೆ ತಿನ್ನಿಸಿ ವಾಪಸ್ ಕಳಿಸುತ್ತಾರೆ ಅಷ್ಟೇ.

ಡೊಮೇನ್‌ನ ಹಳೇ ವಿಳಾಸವನ್ನು ಬೇರೆಯವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನೋ ಟಿಟಿಎಲ್ ಅನ್ನು ಎರಡು ದಿನ ಮೊದಲೇ 14400 ಸೆಕೆಂಡಿನಿಂದ 300ಕ್ಕೆ ಇಳಿಸಿದ್ದೆ. ಸೈಟ್‌ಗಳು ಒಂದೇ ಸಂಜೆಗೆ ಎದ್ದವು. ಮೂರನೇ ದಿನ ಎಪಿಎಂಸಿ ಯಾರ್ಡ್‌ನಿಂದ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಫೋನು. "ಆಡಿಟರ್ ಮೂರು ಸಲ ಕಳಿಸಿದ್ದಾರಂತೆ, ಒಂದೂ ಬಂದಿಲ್ಲ."

ನನ್ನ ಜಿಮೇಲ್‌ನಿಂದ ಕಳಿಸಿದೆ, ಬಂತು. ಎಂಎಕ್ಸ್, ಅಂದರೆ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನೋ ದಾಖಲೆ, ಸರಿ ಇತ್ತು. ಆಡಿಟರ್‌ಗೆ ಬೌನ್ಸ್ (ಮುಟ್ಟಲಿಲ್ಲ ಅನ್ನೋ ವಾಪಸ್ ಮೇಲ್) ಕೂಡ ಬಂದಿರಲಿಲ್ಲ. ಹೊಸ ಸರ್ವರ್‌ನ ಲಾಗ್ ನೋಡಿದರೆ ಆ ಮೇಲ್ ಬಾಗಿಲಿಗೇ ಬಂದಿಲ್ಲ! ಹಳೇ ಹೋಸ್ಟ್‌ನವರನ್ನು ಕೇಳಿದೆ. "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ" ಅಂದರು. ನಾಲ್ಕು ದಿನ ಹೀಗೇ ಹೋಯಿತು.

ಐದನೇ ದಿನ ಚಹಾ ಕುಡಿಯುವಾಗ ಹೊಳೆಯಿತು. ಆಡಿಟರ್ ಸೈಟನ್ನೂ ನಾನೇ ಮಾಡಿದ್ದು, ಅದಿನ್ನೂ ಹಳೇ ಸರ್ವರ್‌ನಲ್ಲೇ ಇದೆ! ಆ ಸರ್ವರ್‌ನ ಲೋಕಲ್ ಪಟ್ಟಿಯಲ್ಲಿ ವ್ಯಾಪಾರಿಯ ಡೊಮೇನ್ ಹಾಗೇ ಉಳಿದಿತ್ತು. ತನ್ನದೇ ಡೊಮೇನ್ ಅಂದುಕೊಂಡರೆ ಅದು ಹೊರಗಿನ ಎಂಎಕ್ಸ್ ಯಾಕೆ ನೋಡುತ್ತೆ? ಹಳೇ ಸರ್ವರ್‌ನ ವೆಬ್‌ಮೇಲ್‌ಗೆ ಹೋದರೆ ನಲವತ್ತು ಚಿಲ್ಲರೆ ಮೇಲ್ ಕೂತಿದ್ದವು. ಹಳೇ ಸಿಪ್ಯಾನೆಲ್‌ನಲ್ಲಿ (ಹೋಸ್ಟಿಂಗ್ ಸೆಟ್ಟಿಂಗ್‌ಗಳ ಪುಟ) ಇಮೇಲ್ ರೂಟಿಂಗನ್ನು ಲೋಕಲ್‌ನಿಂದ ರಿಮೋಟ್‌ಗೆ ಬದಲಿಸಿದೆ. ಎರಡು ನಿಮಿಷದ ಕೆಲಸ. ಬಿದ್ದಿದ್ದ ಮೇಲ್‌ಗಳನ್ನು ಮೇಲ್ ನಕಲಿಸುವ ಐಮ್ಯಾಪ್‌ಸಿಂಕ್ ಟೂಲ್ ಹಾಕಿ ಎಳೆದುಕೊಂಡೆ. ಹಳೇ ಅಕೌಂಟನ್ನು ಅವಸರಕ್ಕೆ ಡಿಲೀಟ್ ಮಾಡಿದ್ದರೆ ಅಷ್ಟೂ ಮಣ್ಣುಪಾಲು.

ಆಮೇಲೆ ಹೋಗುವ ಮೇಲ್‌ನ ಕಾಟ. ಕಳಿಸುವವರ ಗುರುತಿನ ನಿಯಮವನ್ನು ಜಿಮೇಲ್ 2024ರ ಫೆಬ್ರವರಿಯಿಂದ ಬಿಗಿ ಮಾಡಿದೆ, ಗೊತ್ತಲ್ವಾ. ನಮ್ಮದು ಕೆಲವು ಸ್ಪ್ಯಾಮ್‌ಗೆ, ಕೆಲವು 5.7.26 (ಗುರುತು ಖಾತ್ರಿಯಾಗಿಲ್ಲ) ಅಂತ ವಾಪಸ್. ತಪ್ಪು ನನ್ನದೇ. ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ಸಾಲು ಇದೆಯಲ್ಲ, ಹಳೇ ಹೋಸ್ಟ್‌ನದನ್ನು ತೆಗೆಯದೆ ಪಕ್ಕದಲ್ಲೇ ಹೊಸದನ್ನು ಸೇರಿಸಿದ್ದೆ. ಎರಡಿದ್ದರೆ ಎರಡೂ ಕೆಟ್ಟಂತೆ. ಒಂದೇ ಸಾಲು ಮಾಡಿದೆ. ಡಿಕೆಐಎಂ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಕೀ ಕೂಡ ಹಳೇ ಸರ್ವರ್‌ದು. ಹೊಸದನ್ನು ಪೇಸ್ಟ್ ಮಾಡಿದರೆ ಬಾಲ ತುಂಡಾಗಿತ್ತು. 2048 ಬಿಟ್ ಕೀಯನ್ನು 255 ಅಕ್ಷರದೊಳಗಿನ ತುಂಡುಗಳಾಗಿ ಕೊಡಬೇಕು. ಅರ್ಧ ದಿನ ತಿಂದಿತು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಗುರುತು ಹೊಂದದ ಮೇಲನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕನ್ನು ಹುಮ್ಮಸ್ಸಿಗೆ ಸೀದಾ 'ರಿಜೆಕ್ಟ್'ಗೆ ಹಾಕಿದೆ. ವ್ಯಾಪಾರಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಸರ್ವರ್‌ನಿಂದ ಇನ್‌ವಾಯ್ಸ್ ಕಳಿಸುತ್ತೆ ಅನ್ನೋದು ಮರೆತೇ ಹೋಗಿತ್ತು. ಬೆಳಗ್ಗೆ ಏಳಕ್ಕೇ ಬೈಗುಳ. ಅವತ್ತೇ ಡಿಮಾರ್ಕನ್ನು 'none'ಗೆ (ಏನೂ ತಡೆಯಬೇಡ) ಇಳಿಸಿದೆ. ತಿಂಗಳಿಗೆ 400 ರೂಪಾಯಿಯ ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್) ತಗೊಂಡು ಸ್ವಂತ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ಕೂಡ ಓಡಿಸಿ ನೋಡಿದೆ. ಸಿಕ್ಕ ಐಪಿ ವಿಳಾಸ ಮೊದಲೇ ಸ್ಪ್ಯಾಮ್ ಬ್ಲಾಕ್‌ಲಿಸ್ಟ್‌ನಲ್ಲಿತ್ತು. ಮೂರು ವಾರಕ್ಕೆ ಕೈಮುಗಿದೆ.

ಈಗ ಒಂದು ಡೊಮೇನ್ ಸಾಗಿಸಲು ನನಗೆ ಮುಕ್ಕಾಲು ಗಂಟೆ ಸಾಕು. ಯಾವುದನ್ನು ಮೊದಲು, ಯಾವ ಹೊತ್ತಿಗೆ ಸಾಗಿಸುತ್ತೇನೆ ಅನ್ನೋದನ್ನು ಮಾತ್ರ ಕೇಳಬೇಡಿ, ಅದು ನನ್ನ ಅನ್ನ. ಮೇಲ್ ಮುಟ್ಟಬೇಡ ಅಂದಿದ್ದ ಗೆಳೆಯರೊಬ್ಬರು ಈಚೆಗೆ ತಮ್ಮ ಆರು ಡೊಮೇನ್ ತಂದುಕೊಟ್ಟರು. ಡೊಮೇನ್‌ಗೆ 800 ತಗೊಂಡೆ, ರಿಯಾಯಿತಿ ಇಲ್ಲ.

ಒಂದು ಬಟ್ಟೆ ಅಂಗಡಿಯ ಮೇಲ್ ಮಾತ್ರ ಇನ್ನೂ ಆಗಾಗ ಸ್ಪ್ಯಾಮ್‌ಗೆ ಬೀಳುತ್ತದೆ. ದೀಪಾವಳಿಗೆ ಸಾವಿರ ಜನಕ್ಕೆ ಒಂದೇ ಏಟಿಗೆ ಆಫರ್ ಕಳಿಸಿದ್ದರು, ನನಗೊಂದು ಮಾತು ಹೇಳದೆ.