ವಿಂಡೋಸ್ ಅರ್ಧಕ್ಕೇ ನಿಂತಿತೇ? ಎಲ್ಲಿ ನಿಂತಿತು, ಮೊದಲು ನೋಡಿ

ಮಳೆಗಾಲದಲ್ಲಿ ಕಾರವಾರ, ಅಂಕೋಲಾ, ಕುಮಟಾ ಕಡೆ ಹಪ್ಪಳವಷ್ಟೇ ಅಲ್ಲ, ಕಂಪ್ಯೂಟರಿನ ಒಳಗೂ ಥಂಡಿ ಹಿಡಿಯುತ್ತದೆ. ಆ ದಿನಗಳಲ್ಲಿ ವಿಂಡೋಸ್ ಹಾಕಲು ಕೂತು, ಅರ್ಧಕ್ಕೆ ನಿಂತಿತೆಂದು ಮತ್ತೆ ಮೊದಲಿನಿಂದ ಶುರು ಮಾಡುವವರೇ ಹೆಚ್ಚು. ಹಾಗೆ ಮಾಡುವ ಮುಂಚೆ ಒಂದನ್ನು ಗಮನಿಸಿ: ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿದೆಯೋ, ಒಮ್ಮೆ 12%, ಇನ್ನೊಮ್ಮೆ 60% ಎಂದು ಬೇರೆ ಬೇರೆ ಕಡೆಯೋ? ಒಂದೇ ಜಾಗವಾದರೆ ವಿಂಡೋಸ್ ಹಾಕಲು ಬಳಸುವ ಪೆನ್‌ಡ್ರೈವ್, ಅದರಲ್ಲಿರುವ ಫೈಲ್ ಅಥವಾ ಡಿಸ್ಕ್ ಮೇಲೆ ಅನುಮಾನ ಇಡಿ. ಬೇರೆ ಬೇರೆಯಾದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ್‍ಯಾಮ್ ಅಥವಾ ಕರೆಂಟು. ಪರದೆಯ ಮೇಲೆ ಬಂದ ಎರರ್ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಪೆನ್‌ಡ್ರೈವ್ 8 ಜಿಬಿಗೆ ಕಡಿಮೆ ಇರಬಾರದು. ವಿಂಡೋಸ್ 11 ಅನ್ನು ಇಡಿಯಾಗಿ ಹೊತ್ತ ಐಎಸ್‌ಒ ಫೈಲ್ 5 ಜಿಬಿಗೂ ದೊಡ್ಡದು. ಮೊಬೈಲ್ ನೆಟ್‌ನಲ್ಲಿ ಇಳಿಸುವಾಗ ನಡುವೆ ಕಡಿದರೆ ಹಾಳಾದ ಫೈಲೇ ಕೈಗೆ ಬರುತ್ತದೆ. 80070570 ಅಥವಾ 8007025ಡಿ ಎಂದು ಮುಗಿಯುವ ಎರರ್ ಬಂದರೆ ಮೊದಲು ಇದನ್ನೇ ನೋಡಿ. ವಿಂಡೋಸ್‌ನಲ್ಲೇ ಇರುವ, ಆದೇಶ ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂದು ಇಂಗ್ಲಿಷಿನಲ್ಲಿ, ಮುಂದೆ ಫೈಲಿನ ಹೆಸರು ಕೊಟ್ಟು, ಬಂದ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು) ಅನ್ನು ಮೈಕ್ರೋಸಾಫ್ಟ್‌ನ ಡೌನ್‌ಲೋಡ್ ಪುಟದಲ್ಲಿರುವುದರೊಂದಿಗೆ ತಾಳೆ ನೋಡಿ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಮತ್ತೆ ಇಳಿಸಿಕೊಳ್ಳಬೇಕು.

ಇನ್ನು ರ್‍ಯಾಮ್. ಕರಾವಳಿಯ ಉಪ್ಪುಗಾಳಿಗೆ ಮೊದಲು ತುತ್ತಾಗುವ ಭಾಗಗಳಲ್ಲಿ ಇದೂ ಒಂದು. ಡೆಸ್ಕ್‌ಟಾಪ್ ಆದರೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು, ಒಳಗಿನ ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿ. ಆಮೇಲೆ ಕ್ಲಿಪ್ ಸರಿಸಿ ರ್‍ಯಾಮ್ ತೆಗೆಯಿರಿ. ಅಂಚಿನ ಹೊಂಬಣ್ಣದ ಪಟ್ಟಿಗಳ ಮೇಲೆ ಮಬ್ಬು ಅಥವಾ ಕಪ್ಪು ಚುಕ್ಕೆ ಕಂಡರೆ, ಮಕ್ಕಳ ಕಂಪಾಸಿನಲ್ಲಿರುವ ಬಿಳಿ ಮೆತ್ತನೆ ರಬ್ಬರಿನಿಂದ ಹಗುರಾಗಿ ತಿಕ್ಕಿ ಪುಡಿ ಕೊಡವಿ. ಇಂಕು ಅಳಿಸುವ ಒರಟು ರಬ್ಬರ್ ಬೇಡ, ಹೊಂಬಣ್ಣವೇ ಎದ್ದುಬರುತ್ತದೆ. ಮರಳಿ ಕೂರಿಸುವಾಗ ಕ್ಲಿಪ್ 'ಟಕ್' ಎನ್ನಬೇಕು. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಪ್ರಯತ್ನಿಸಿ. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಇನ್ನೊಂದು ಪೆನ್‌ಡ್ರೈವ್‌ನಿಂದ ಓಡಿಸಿದಾಗ ಒಂದೇ ಒಂದು ತಪ್ಪು ತೋರಿಸಿದರೂ ಆ ರ್‍ಯಾಮ್ ನಂಬುವಂತಿಲ್ಲ.

ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಶಿರಸಿಯವರಿಗೆ ಹೊಸತಲ್ಲ. ಮನೆಯಲ್ಲಿ ಇನ್ವರ್ಟರ್ ಇದೆಯೆಂದು ನೆಚ್ಚಿಕೊಳ್ಳಬೇಡಿ. ಅದರಲ್ಲಿ ಯುಪಿಎಸ್ ಮೋಡ್‌ನ ಸ್ವಿಚ್ ಇದ್ದರೆ ಅದಕ್ಕೇ ಹಾಕಿ. ಇಲ್ಲವಾದರೆ ಫ್ಯಾನು ತಿರುಗುತ್ತಿದ್ದರೂ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿಬಿಡಬಹುದು. ಹಾಗೆ ನಡುವೆ ಆರಿಹೋದ ಇನ್‌ಸ್ಟಾಲೇಶನ್ 'ಅನಿರೀಕ್ಷಿತವಾಗಿ ರೀಸ್ಟಾರ್ಟ್ ಆಯಿತು' ಎಂಬ ಸಂದೇಶದಲ್ಲೇ ಸುತ್ತುತ್ತಿದ್ದರೆ, ಓಕೆ ಒತ್ತುತ್ತ ಕೂರದೆ ಪೆನ್‌ಡ್ರೈವ್‌ನಿಂದ ಹೊಸದಾಗಿ ಶುರು ಮಾಡಿ.

ಡಿಸ್ಕ್ ಆರಿಸುವ ಪುಟದಲ್ಲಿ 'ಈ ಡಿಸ್ಕ್‌ಗೆ ವಿಂಡೋಸ್ ಹಾಕಲಾಗದು' ಎಂದು ಬಂದರೆ ಡಿಸ್ಕ್ ಹಾಳಾಗಿದೆ ಎಂದೇನಲ್ಲ. ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕೆಂದು ಆರಿಸುವ ಬೂಟ್ ಮೆನುವಿನಲ್ಲಿ (ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9) ಒಂದೇ ಪೆನ್‌ಡ್ರೈವ್ ಎರಡು ಹೆಸರಿನಲ್ಲಿ ಕಾಣಬಹುದು. ಯುಇಎಫ್‌ಐ ಎಂದು ಶುರುವಾಗುವುದನ್ನೇ ಆರಿಸಿ. ಯುಇಎಫ್‌ಐ, ಲೆಗಸಿ ಎಂದರೆ ಕಂಪ್ಯೂಟರ್ ಶುರುವಾಗುವ ಹೊಸ, ಹಳೆಯ ವಿಧಾನಗಳು; ಜಿಪಿಟಿ, ಎಂಬಿಆರ್ ಎಂದರೆ ಡಿಸ್ಕ್ ಭಾಗ ಮಾಡುವ ಹೊಸ, ಹಳೆಯ ಪದ್ಧತಿಗಳು. ಯುಇಎಫ್‌ಐಗೆ ಜಿಪಿಟಿ ಡಿಸ್ಕ್ ಬೇಕು, ಹಳೆಯ ಲೆಗಸಿಗೆ ಎಂಬಿಆರ್. ಹೊಂದಿಕೆಯಾಗದಿದ್ದಾಗಲೇ ಈ ತಕರಾರು. ಡಿಸ್ಕ್ ಅನ್ನು ಜಿಪಿಟಿ ಮಾಡಲು ಶಿಫ್ಟ್ + ಎಫ್10 ಒತ್ತಿ, ಕಪ್ಪು ಪರದೆಯಲ್ಲಿ ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಕ್ಲೀನ್, ಕನ್ವರ್ಟ್ ಜಿಪಿಟಿ ಎಂದು ಇಂಗ್ಲಿಷಿನಲ್ಲಿ ಒಂದೊಂದಾಗಿ ಕೊಡಿ. ನಿಮ್ಮ ಡಿಸ್ಕ್ ಯಾವುದೆಂದು ಅದರ ಗಾತ್ರ ನೋಡಿಯೇ ನಿರ್ಧರಿಸಿ, ಸೊನ್ನೆಯೇ ಇರಬೇಕೆಂದಿಲ್ಲ. ಕ್ಲೀನ್ ಕೊಟ್ಟರೆ ಇಡೀ ಡಿಸ್ಕ್ ಖಾಲಿ. ಫೋಟೊಗಳು ಡಿ ಡ್ರೈವ್‌ನಲ್ಲಿವೆ, ಚಿಂತೆಯಿಲ್ಲ ಎನ್ನುವವರೇ ಇಲ್ಲಿ ಕೆಡುವುದು: ಬಹುತೇಕ ಮನೆಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಭಾಗಗಳು.

ಡಿಸ್ಕೇ ಕಾಣದಿದ್ದರೆ ಡೆಸ್ಕ್‌ಟಾಪ್‌ನಲ್ಲಿ ಡಿಸ್ಕ್‌ಗೆ ಹೋಗುವ ಸಾಟಾ ಕೇಬಲ್ ಬದಲಿಸಿ ನೋಡಿ. ಇಂಟೆಲ್ 11ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಆದರೆ ಡಿಸ್ಕ್ ಗುರುತಿಸಲು ನೆರವಾಗುವ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಬೇಕಾಗಬಹುದು. ಇಳಿಸಿದ ಫೈಲನ್ನು ಬಿಡಿಸಿ (ಎಕ್ಸ್‌ಟ್ರ್ಯಾಕ್ಟ್ ಮಾಡಿ) ಫೋಲ್ಡರ್ ಆಗಿ ಪೆನ್‌ಡ್ರೈವ್‌ಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ ತೋರಿಸಬೇಕು.

'ಈ ಕಂಪ್ಯೂಟರಿಗೆ ವಿಂಡೋಸ್ 11 ಆಗದು' ಎಂದರೆ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ) ಭದ್ರತೆಗಾಗಿ ಇರುವ ಟಿಪಿಎಂ ಆನ್ ಇದೆಯೇ ನೋಡಿ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿರುತ್ತದೆ. ಪ್ರೊಸೆಸರ್ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದಾದರೆ ಗುದ್ದಾಡಿ ಫಲವಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ, ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ವಾಸಿ.

ಎಲ್ಲ ಸರಿಯಾಗಿ, ಮೊದಲ ರೀಸ್ಟಾರ್ಟ್ ನಂತರ ಮತ್ತೆ ಭಾಷೆ ಆರಿಸುವ ಪುಟವೇ ಬಂತೇ? ಪೆನ್‌ಡ್ರೈವ್ ಕೀಳಿ, ಪವರ್ ಬಟನ್ ಒತ್ತಿ ಹಿಡಿದು ಕಂಪ್ಯೂಟರ್ ಆಫ್ ಮಾಡಿ, ಮತ್ತೆ ಆನ್ ಮಾಡಿ. ಇನ್‌ಸ್ಟಾಲೇಶನ್ ಡಿಸ್ಕ್‌ನಿಂದಲೇ ಮುಂದುವರಿಯುತ್ತದೆ.