ಮೊದಲು ಮೌಸ್ ತಿರುಗಿಸಿ ನೋಡಿ

ಹೊಸಬರಿಗೆ ಹೇಳಿಕೊಡುವಾಗ ನಾನು ಕಂಪ್ಯೂಟರ್ ಆನ್ ಮಾಡಿಸುವುದೇ ಇಲ್ಲ. ಮೊದಲು ಮೌಸ್ ಕೈಗೆ ಕೊಟ್ಟು, ಮಗುಚಿ ನೋಡಿ ಅನ್ನುತ್ತೇನೆ. ಅಡಿಯಲ್ಲಿ ಸಣ್ಣದೊಂದು ತೂತು. ಒಳಗೆ ಒಂದು ಬೆಳಕು, ಒಂದು ಸೆನ್ಸರ್. ಮೌಸ್ ಕೆಳಗಿನ ಜಾಗದ ಚಿತ್ರವನ್ನು ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಒಂದಕ್ಕೊಂದು ಹೋಲಿಸಿ, ಎತ್ತ ಸರಿಯಿತು ಅಂತ ಲೆಕ್ಕ ಹಾಕುತ್ತದೆ. ಗಾಜಿನ ಮೇಜಿನ ಮೇಲೆ ತಡವರಿಸಿದರೆ ಮೌಸ್ ಕೆಟ್ಟಿದೆ ಅನ್ಕೋಬೇಡಿ. ಕೆಳಗೊಂದು ಕಾಗದ ಹಾಕಿ, ಸಾಕು.

ಕೀಬೋರ್ಡಿನ ಎಫ್ ಮತ್ತು ಜೆ ಮೇಲೆ ಬೆರಳಾಡಿಸಿ. ಸಣ್ಣ ಉಬ್ಬು ಸಿಗುತ್ತದೆ, ಅಲ್ವಾ? ತೋರುಬೆರಳುಗಳ ಜಾಗ ಅದು. ಕನ್ನಡಕ್ಕೆ ಬೇರೆ ಕೀಬೋರ್ಡ್ ಸುಮ್ನೆ ಕೊಳ್ಳಬೇಡಿ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಆಯಿತು. ಮೈಕ್, ವೆಬ್‌ಕ್ಯಾಮ್, ಸ್ಕ್ಯಾನರ್ ಕೂಡ ಇನ್‌ಪುಟ್ ಸಾಧನಗಳೇ, ಅಂದರೆ ಕಂಪ್ಯೂಟರಿಗೆ ಮಾಹಿತಿ ಕೊಡುವವು. ಕಂಪ್ಯೂಟರ್ ಕೊಟ್ಟದ್ದನ್ನು ನಮಗೆ ತೋರಿಸುವ ಮಾನಿಟರ್, ಪ್ರಿಂಟರ್ ಔಟ್‌ಪುಟ್. ಟಚ್‌ಸ್ಕ್ರೀನ್ ಎರಡೂ ಹೌದು.

ಇನ್ನು ಡಬ್ಬಿಯ ಒಳಗೆ. ಲೆಕ್ಕ ಮಾಡುವ ಚಿಪ್ಪೇ ಸಿಪಿಯು. ಅದು ಕೂರುವ ದೊಡ್ಡ ಬೋರ್ಡು ಮದರ್‌ಬೋರ್ಡ್. ಜಾಸ್ತಿ ಗೊಂದಲ ಆಗುವುದು ರ್‍ಯಾಮ್ ಮತ್ತು ಎಸ್‌ಎಸ್‌ಡಿ ವಿಷಯದಲ್ಲಿ. ರ್‍ಯಾಮ್ ಮೇಜು, ಎಸ್‌ಎಸ್‌ಡಿ ಬೀರು. ಈಗ ನಡೆಯುತ್ತಿರುವ ಕೆಲಸ ಮೇಜಿನ ಮೇಲೆ, ಸೇವ್ ಮಾಡಿಟ್ಟದ್ದು ಬೀರುವಿನಲ್ಲಿ. ಸೇವ್ ಮಾಡದ ಬರಹ ಇನ್ನೂ ಮೇಜಿನ ಮೇಲೇ ಇರುತ್ತದೆ, ಕರೆಂಟ್ ಹೋದರೆ ಅದೂ ಹೋಯಿತು.

ಕಂಪ್ಯೂಟರ್ ನಿಧಾನ ಆಯಿತೇ? ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರ್ ಕಿಟಕಿಯ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. ಸದಾ 90% ದಾಟಿದ್ದರೆ ತುಂಬಿರುವುದು ರ್‍ಯಾಮ್. ಫೋಟೋ ಇರುವುದು ಬೀರುವಿನಲ್ಲಿ, ಅಳಿಸಿ ಪ್ರಯೋಜನವಿಲ್ಲ, ತೆರೆದಿಟ್ಟ ಟ್ಯಾಬ್‌ಗಳನ್ನು ಮುಚ್ಚಿ.