ದುಬಾರಿ ಡ್ಯಾಕ್, ಕೇಬಲ್ ಕೊಳ್ಳಬೇಕೆ? ಮನೆಯಲ್ಲೇ ಹೀಗೆ ಪರೀಕ್ಷಿಸಿ

‘ಈ ಯುಎಸ್‌ಬಿ ಕೇಬಲ್ ಹಾಕಿ ನೋಡಿ, ತಂಬೂರಿ ನಾದ ಬಿಚ್ಚಿಕೊಳ್ಳುತ್ತೆ’ ಎಂಬ ಮಾತಿಗೆ ಹತ್ತು ಸಾವಿರ ರೂಪಾಯಿ ತೆರುವ ಮುನ್ನ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಮಲ್ಟಿಮೀಟರ್, ಒಂದು ನಾಣ್ಯ, ಮನೆಯವರೊಬ್ಬರ ನೆರವು ಇದ್ದರೆ ಸಾಕು.

ಮೊದಲು ತೊಂದರೆ ಏನೆಂದು ಗುರುತಿಸಿ. ಡಿಜಿಟಲ್ ಕೇಬಲ್ ಕೆಟ್ಟರೆ ಹಾಡಿನ ನಡುವೆ ಟಕ್ ಟಕ್ ಎನ್ನುತ್ತದೆ, ಕ್ಷಣಕಾಲ ಸದ್ದೇ ನಿಲ್ಲುತ್ತದೆ, ಇಲ್ಲವೇ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನ) ಸಂಪರ್ಕ ಕಡಿದುಹೋಗುತ್ತದೆ. ಬೇಸ್ ಮಾತ್ರ ತೆಳುವಾಗುವುದು, ಗಾಯಕಿಯ ದನಿ ಮಾತ್ರ ಮಸುಕಾಗುವುದು ಸಾಧ್ಯವಿಲ್ಲ. ಬೇಸ್‌ಗೆ ಬೇರೆ, ಟ್ರೆಬಲ್‌ಗೆ ಬೇರೆ ಬಿಟ್‌ಗಳಿಲ್ಲ. ಪ್ರತಿ ಸ್ಯಾಂಪಲ್‌ನಲ್ಲೂ, ಅಂದರೆ ಸದ್ದಿನ ಕ್ಷಣಕ್ಷಣದ ಅಳತೆಯಲ್ಲೂ, ಎರಡೂ ಬೆರೆತಿರುತ್ತವೆ. ಜಿಟರ್, ಅಂದರೆ ಸ್ಯಾಂಪಲ್‌ಗಳ ಲಯ ತುಸು ತಪ್ಪುವುದು, ಎಂದು ಹೆದರಿಸುವವರೂ ಇದ್ದಾರೆ. ಅಸಿಂಕ್ರೊನಸ್ ಯುಎಸ್‌ಬಿ ಡ್ಯಾಕ್ ತನ್ನೊಳಗಿನ ಗಡಿಯಾರದ ಲಯಕ್ಕೆ ತಕ್ಕಷ್ಟೇ ಡೇಟಾ ತರಿಸಿಕೊಳ್ಳುತ್ತದೆ. ತಾಳ ಹಾಕುವುದು ಡ್ಯಾಕ್, ಕೇಬಲ್ ಅಲ್ಲ. 5 ಮೀಟರ್ ಒಳಗಿನ ಸಾಧಾರಣ ಯುಎಸ್‌ಬಿ 2.0 ಕೇಬಲ್ ಸಾಕು. ಕೋಆಕ್ಸಿಯಲ್ ಔಟ್‌ಪುಟ್‌ಗೆ ಬೇಕಾದದ್ದು 75 ಓಮ್‌ನ ಕೇಬಲ್. ಹಳೇ ಡಿವಿಡಿ ಪ್ಲೇಯರಿನ ಹಳದಿ ಪಿನ್ನಿನ ವಿಡಿಯೊ ಕೇಬಲ್ ಸಾಮಾನ್ಯವಾಗಿ ಆ ಕೆಲಸ ಮಾಡುತ್ತದೆ.

ಕೇಬಲ್ ದಾರಿಯಲ್ಲಿ ನಿಜಕ್ಕೂ ಬರುವ ಕಾಟ ಗುಂಯ್ ಎನ್ನುವ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಕೂಡಲೇ ನಿಂತರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಗ್ರೌಂಡ್ ತಂತಿಗಳು ಸೇರಿ ಆದ ಸುತ್ತಿನಲ್ಲಿ ಹರಿಯುವ ಕರೆಂಟಿನ ಸದ್ದು. ದುಬಾರಿ ಯುಎಸ್‌ಬಿ ಕೇಬಲ್‌ನಲ್ಲೂ ಗ್ರೌಂಡ್ ತಂತಿ ಇರುವುದರಿಂದ ಅದು ಹೋಗದು. ಆಪ್ಟಿಕಲ್ ಕೇಬಲ್‌ನಲ್ಲಿ ಹಾಯುವುದು ಬೆಳಕು ಮಾತ್ರ, ವಿದ್ಯುತ್ ಕೊಂಡಿ ಅಲ್ಲಿಗೆ ಕಳಚುತ್ತದೆ. ಆಂಪ್ಲಿಫೈಯರಿನ ಅರ್ಥಿಂಗ್ ಪಿನ್ ಕಿತ್ತುಹಾಕುವ ಉಪಾಯಕ್ಕೆ ಮಾತ್ರ ದಯವಿಟ್ಟು ಕೈ ಹಾಕಬೇಡಿ. ಒಳಗೆ ಲೀಕೇಜ್ ಆದರೆ ಮುಟ್ಟಿದವರಿಗೆ ಷಾಕ್ ಹೊಡೆಯುತ್ತದೆ.

ಇನ್ನು ಡ್ಯಾಕ್. ಎರಡನ್ನು ಹೋಲಿಸುವಾಗ ಎಲ್ಲರೂ ಎಡವುವುದು ವಾಲ್ಯೂಮ್‌ನಲ್ಲಿ. ತುಸು ಜೋರಾಗಿರುವುದು ಜೋರೆಂದು ಗೊತ್ತಾಗುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. 200 ಹರ್ಟ್ಸ್ ಟೋನ್ (ಏರಿಳಿತವಿಲ್ಲದ ಒಂದೇ ಸ್ವರ) ನುಡಿಸಿ, ಮೀಟರನ್ನು ಎಸಿ ವೋಲ್ಟ್‌ಗಿಟ್ಟು ಸ್ಪೀಕರ್ ಟರ್ಮಿನಲ್‌ನಲ್ಲಿ ಅಳೆಯಿರಿ. ಒಂದರಲ್ಲಿ 1.00 ವೋಲ್ಟ್ ಇದ್ದರೆ ಇನ್ನೊಂದನ್ನು 0.99ರಿಂದ 1.01ರೊಳಗೆ ತನ್ನಿ, ಆಗ ಅಂತರ 0.1 ಡೆಸಿಬೆಲ್ ಮೀರುವುದಿಲ್ಲ. 1000 ಹರ್ಟ್ಸ್ ಬೇಡ. ಅಗ್ಗದ ಮೀಟರ್‌ಗಳು 50 ಹರ್ಟ್ಸ್ ಕರೆಂಟಿಗೆ ಹೊಂದಿಸಿದವು, ಮೇಲೆ ಹೋದಂತೆ ತಪ್ಪು ತೋರಿಸಬಹುದು.

ನೆರವಿನವರು ನಿಮ್ಮ ಬೆನ್ನ ಹಿಂದೆ ನಾಣ್ಯ ಚಿಮ್ಮಲಿ. ಸಿಂಹ ಬಿದ್ದರೆ ಹಳೆಯದು, ಅಂಕಿ ಬಿದ್ದರೆ ಹೊಸದು. ಬದಲಿಸದಿದ್ದಾಗಲೂ ಪ್ಲಗ್ ಕಿತ್ತು ಹಾಕಬೇಕು, ಇಲ್ಲವಾದರೆ ಆ ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ. ಪ್ರತಿ ಸಲವೂ ಅದೇ 15 ಸೆಕೆಂಡ್ ಕೇಳಿ: ಆಲಾಪನೆ ಮುಗಿದು ತಂಬೂರಿಯಷ್ಟೇ ಉಳಿಯುವ ಜಾಗ ಅಥವಾ ಮೃದಂಗದ ಚಾಪು. 16 ಸುತ್ತಿನಲ್ಲಿ 12 ಸರಿ ಹೇಳಿದರೆ ನಿಮ್ಮ ಕಿವಿ ವ್ಯತ್ಯಾಸ ಹಿಡಿಯುತ್ತಿದೆ ಎನ್ನಬಹುದು. ಬರಿಯ ಊಹೆಯಿಂದ ಅಷ್ಟು ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎಂಟು, ಒಂಬತ್ತು ಬಂದರೆ ಹಣ ಉಳಿಯಿತು. ಕೇಬಲ್‌ಗೂ ಇದೇ ಪರೀಕ್ಷೆ.

ಹೈ-ರೆಸಲ್ಯೂಶನ್ (ಸಿಡಿಗಿಂತ ಸೂಕ್ಷ್ಮವಾಗಿ ದಾಖಲಾದ) ಫೈಲನ್ನು ಸಿಡಿಯ ಜೊತೆ ನೇರ ಹೋಲಿಸಬೇಡಿ, ಎರಡರ ಮಾಸ್ಟರ್, ಅಂದರೆ ಪ್ರತಿ ತೆಗೆಯುವ ಮೂಲ ಧ್ವನಿಮುದ್ರಿಕೆ, ಬೇರೆ ಇರಬಹುದು. ಅದೇ ಫೈಲನ್ನು ಸಿಡಿಯ ಮಟ್ಟಕ್ಕೆ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ, ಫೂಬಾರ್ 2000 ಎಂಬ ಪ್ಲೇಯರ್ ತಂತ್ರಾಂಶದ ಎಬಿಎಕ್ಸ್ ಪ್ಲಗಿನ್‌ನಲ್ಲಿ (ಯಾವುದೆಂದು ಹೇಳದೆ ಕೇಳಿಸಿ ಗುರುತಿಸಲು ಬಿಡುವ ಪರೀಕ್ಷೆ) ಕೇಳಿ. 2007ರಲ್ಲಿ ಮೆಯರ್ ಮತ್ತು ಮೊರನ್ ಎಂಬಿಬ್ಬರು ಪ್ರಕಟಿಸಿದ ಇಂಥದೇ ಪರೀಕ್ಷೆಯಲ್ಲಿ 554 ಸಲಕ್ಕೆ ಸರಿಯುತ್ತರ 276, ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಸಂಶೋಧಕ ಜೋಶುವಾ ರೈಸ್ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರ ಶೇ 52ರ ಆಸುಪಾಸು ಬಂತು. ವ್ಯತ್ಯಾಸ ಇದ್ದರೂ ಎಳೆಯಷ್ಟು.

ಸ್ಪೀಕರ್ ವೈರ್‌ನಲ್ಲಿ ದಪ್ಪ ನೋಡಿ, ಹೆಸರಲ್ಲ. 1.5 ಚದರ ಮಿ.ಮೀ. ತಾಮ್ರ 5 ಮೀಟರ್ ದೂರಕ್ಕೆ ಹೋಗಿಬರಲು ಸುಮಾರು 0.12 ಓಮ್, 8 ಓಮ್ ಸ್ಪೀಕರಿಗೆ 0.4 ದಾಟದಿದ್ದರಾಯಿತು.

ಉಳಿದ ಹಣ ಕೋಣೆಗೆ. ಟೈಲ್ಸ್ ನೆಲ, ಬರಿಗೋಡೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿ, ಅನುರಣನ ಕೇಳುತ್ತದೆ. ಸ್ಪೀಕರಿಗೂ ಕುರ್ಚಿಗೂ ನಡುವೆ ದಪ್ಪ ಜಮಖಾನ ಹಾಸಿ, ನವಲಗುಂದದ್ದಾದರೆ ಇನ್ನೂ ಚೆನ್ನ. ನೀವು ಕುಳಿತಿರುವಾಗ ಒಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆಯೇ ಸದ್ದು ಗೋಡೆಗೆ ಬಡಿದು ನಿಮ್ಮತ್ತ ಮರಳುತ್ತದೆ, ಅಲ್ಲಿ ಪುಸ್ತಕದ ಕಪಾಟು ಅಥವಾ ದಪ್ಪ ಪರದೆ ಬರಲಿ. 10 ಅಡಿ ಉದ್ದದ ಕೋಣೆಯಲ್ಲಿ 56 ಹರ್ಟ್ಸ್ ಸುತ್ತಮುತ್ತಲಿನ ಬೇಸ್ ಗೋಡೆಯ ಬಳಿ ಊದಿಕೊಂಡು, ನಡುಮಧ್ಯದಲ್ಲಿ ಮಾಯವಾಗುತ್ತದೆ. ಗೋಡೆಗೆ ಅಂಟಿದ ಕುರ್ಚಿಯನ್ನು ಎರಡು ಅಡಿ ಮುಂದೆಳೆದು ಅದೇ ಹಾಡು ಮತ್ತೆ ಹಾಕಿ.